ಉಸಿರಿನ ಸಾಕ್ಷ್ಯ

ರೋಗಿಯ ಉಸಿರಿನ ವಾಸನೆಯಿಂದ ರೋಗವನ್ನು ಊಹಿಸುವ ಕ್ರಮ ವೈದ್ಯವೃತ್ತಿಯಷ್ಟೇ ಪ್ರಾಚೀನವಾದುದು. ಮಧುಮೇಹವು ಉಲ್ಬಣಿಸಿ ಪ್ರಜ್ಞೆ ತಪ್ಪುವ ಹಂತಕ್ಕೆ ಬಂದವನ ಉಸಿರಿನಲ್ಲಿ ಕಳಿತ ಹಣ್ಣಿನ ಸಿಹಿವಾಸನೆ, ಮೂತ್ರಪಿಂಡ ಕೆಟ್ಟವನ ಉಸಿರಿನಲ್ಲಿ ಅಮೋನಿಯಾದ ಘಾಟು, ಇವನ್ನು ಅನುಭವಿ ವೈದ್ಯರು ಮೂಗಿನಿಂದಲೇ ಅರಿಯುತ್ತಿದ್ದರು. ಆ ಮೂಗಿನ ಕೆಲಸವನ್ನು ಲೋಹದ ಆಕ್ಸೈಡಿನ ತೆಳುಪದರವೊಂದಕ್ಕೆ ಒಪ್ಪಿಸುವ ಪ್ರಯತ್ನ ಈಗ ಜಗತ್ತಿನಾದ್ಯಂತ ನಡೆದಿದೆ. 1971ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಮನುಷ್ಯನ ಉಸಿರಿನಲ್ಲಿ ಸುಮಾರು 250 ವಸ್ತುಗಳಿರುವುದನ್ನು ತೋರಿಸಿದ ಮೇಲೆ ಈ ವಿದ್ಯೆಗೆ ಹೊಸ ಜೀವ ಬಂದಿತು.

ಇದರ ಮರ್ಮ ಸರಳವಾದುದು. ತವರದ ಆಕ್ಸೈಡನ್ನು ಮುನ್ನೂರು ಡಿಗ್ರಿಯ ಆಸುಪಾಸಿಗೆ ಕಾಯಿಸಿದಾಗ ಗಾಳಿಯ ಆಮ್ಲಜನಕವು ಅದರ ಮೈಗೆ ಅಂಟಿ ವಿದ್ಯುತ್ಕಣಗಳನ್ನು ಸೆಳೆದಿಟ್ಟುಕೊಳ್ಳುತ್ತದೆ. ವಿದ್ಯುತ್ತಿನ ಹರಿವಿಗೆ ತಡೆ ಹೆಚ್ಚುತ್ತದೆ. ಅಸಿಟೋನಿನಂಥ ಅನಿಲ ಬಂದು ಆ ಆಮ್ಲಜನಕದೊಡನೆ ಕೂಡಿದೊಡನೆ ಕಣಗಳು ಬಿಡುಗಡೆಗೊಂಡು ತಡೆ ತಗ್ಗುತ್ತದೆ. ಜಪಾನಿನ ತಾಗುಚಿ 1960ರ ದಶಕದಲ್ಲಿ ಅಡುಗೆ ಅನಿಲದ ಸೋರಿಕೆಯನ್ನು ಹಿಡಿಯಲು ರೂಪಿಸಿದ ಉಪಾಯವೇ ಇದು. ನಮ್ಮ ನಾಡೂ ಈ ಕ್ಷೇತ್ರದಲ್ಲಿ ಹಿಂದುಳಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ನವಕಾಂತ ಭಟ್ಟರಿಗೆ ಜೈವಿಕ ಸಂವೇದಕ ಹಾಗೂ ಅನಿಲ ಸಂವೇದಕಗಳ ಸಂಶೋಧನೆಗಾಗಿ 2018ರ ಇನ್ಫೋಸಿಸ್ ಪ್ರಶಸ್ತಿ ಸಂದಿದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಜನರಿಗೆ ಇಂಥದೊಂದು ಉಪಕರಣ ವರವಾದೀತೆಂಬುದರಲ್ಲಿ ಸಂದೇಹವಿಲ್ಲ. ನಸುಕಿನಲ್ಲೇ ಕಡಲಿಗಿಳಿಯುವ ಗಂಗೊಳ್ಳಿಯ ಮೀನುಗಾರ ಬರಿಹೊಟ್ಟೆಯಲ್ಲಿ ರಕ್ತಪರೀಕ್ಷೆಗೆ ಬಂದು ನಿಲ್ಲುವುದು ಎಂದಿಗೆ? ಸೂಜಿಯ ಹೆದರಿಕೆಯೂ ಅನೇಕರಿಗೆ ಉಂಟು. ಒಮ್ಮೆ ಊದಿದರೆ ಸಾಕೆಂದಾದರೆ ಯಾರು ತಾನೇ ಬೇಡವೆಂದಾರು!

ಆದರೆ ಅವಸರ ಸಲ್ಲದು. ಆರೋಗ್ಯವಂತನ ಉಸಿರಿನಲ್ಲಿ ಅಸಿಟೋನು ಸಾಮಾನ್ಯವಾಗಿ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ, 1.8 ಪಾಲನ್ನು ಮೀರಿದರೆ ಮಧುಮೇಹದ ಶಂಕೆಯೆಂದು ಹಲವು ಲೇಖನಗಳು ಹೇಳುತ್ತ ಬಂದಿವೆ. ಶಿವರಾತ್ರಿಯಂದು ನಿರಾಹಾರನಾಗಿದ್ದವನು ಮರುದಿನ ಬೆಳಿಗ್ಗೆ ಊದಿದರೆ ಅವನ ಉಸಿರಿನಲ್ಲಿಯೂ ಅಸಿಟೋನು ಏರಿಯೇ ಇರುತ್ತದೆ, ಏಕೆಂದರೆ ಉಪವಾಸದಲ್ಲಿ ದೇಹವು ಕೊಬ್ಬನ್ನು ಕರಗಿಸುತ್ತದೆ. ಯಂತ್ರಕ್ಕೆ ವ್ರತಸ್ಥನೂ ರೋಗಿಯೂ ಒಂದೇ! ಇನ್ನೊಂದೆಡೆ, ಸಕ್ಕರೆ ಮೀರಿದ್ದರೂ ಅಸಿಟೋನು ಏರದ ಮಧುಮೇಹಿಗಳೂ ಇದ್ದಾರೆ; ಅಂಥವರನ್ನು ಯಂತ್ರ ನಿರೋಗಿಗಳೆಂದು ಮನೆಗೆ ಕಳುಹಿಸೀತು. ಈ ಎರಡನೆಯ ತಪ್ಪೇ ಘೋರವಾದುದು.

ಇದಲ್ಲದೆ ತೇವದ ಬಾಧೆಯಿದೆ. ನೀರಾವಿಯೂ ಅದೇ ಪದರದ ಮೈಯನ್ನು ಆಕ್ರಮಿಸಿ ಅಳತೆಯನ್ನು ಕೆಡಿಸುತ್ತದೆ. ಉಸಿರೇ ನೀರಾವಿಯಿಂದ ತುಂಬಿರುವಾಗ, ಆಷಾಢದ ಕರಾವಳಿಯ ಗಾಳಿಯೂ ಸೇರಿದರೆ ಹೇಳುವುದೇನು? ಶೀತಲೀಕೃತ ಪ್ರಯೋಗಶಾಲೆಯಲ್ಲಿ ಸರಿಹೊಂದಿಸಿದ ಅಂಕಿ ಇಲ್ಲಿ ಅದೇ ಅರ್ಥವನ್ನು ಕೊಡಲಾರದು. ಕೈಗೆ ಹಚ್ಚಿಕೊಂಡ ಸ್ಯಾನಿಟೈಸರಿನ ಆವಿಗೂ ಕುಡಿದ ಶೇಂದಿಗೂ ಇಂಥ ಪದರ ಸ್ಪಂದಿಸುತ್ತದೆ. ಉಸಿರಿನ ಪರೀಕ್ಷೆಗಳಲ್ಲಿ ವೈದ್ಯರ ನಂಬುಗೆ ಗಳಿಸಿದವು ಇಲ್ಲದಿಲ್ಲ: ಉಬ್ಬಸಕ್ಕೆ ನೈಟ್ರಿಕ್ ಆಕ್ಸೈಡಿನ ಅಳತೆ, ಜಠರದ ಹೆಲಿಕೋಬ್ಯಾಕ್ಟರ್ ಸೋಂಕಿಗೆ ಯೂರಿಯಾ ಪರೀಕ್ಷೆ. ಅವು ಕೇಳುವ ಪ್ರಶ್ನೆ ಒಂದೊಂದೇ, ನಿಯಮವೂ ಕಟ್ಟುನಿಟ್ಟು.

ದಾನಿಗಳ ಔದಾರ್ಯ ದೊಡ್ಡದು. ಹೆಸರು ಕೆತ್ತಿಸಿದ ಹೊಸ ಯಂತ್ರವನ್ನು ಉದ್ಘಾಟಿಸುವ ಸಂಭ್ರಮವೂ ಸಹಜವಾದುದೇ. ಆದರೂ ಸದ್ಯಕ್ಕೆ ಅದೇ ಹಣದಿಂದ ಬೆರಳಿನ ಹನಿರಕ್ತ ನೋಡುವ ಪಟ್ಟಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒದಗಿಸುವುದೇ ಮೇಲು. ಉಸಿರಿನ ಯಂತ್ರ ಬರುವುದಿದ್ದರೆ, ಮಳೆಗಾಲ ಬೇಸಗೆ ಎರಡರಲ್ಲೂ ಈ ಊರುಗಳ ಜನರ ಮೇಲೆಯೇ ರಕ್ತಪರೀಕ್ಷೆಯ ಜೊತೆಜೊತೆಗೆ ಒರೆಗೆ ಹಚ್ಚಿದ ಬಳಿಕ ಬರಲಿ. ಫಲಿತಾಂಶವನ್ನು ಕನ್ನಡದಲ್ಲಿ ತಿಳಿಯಹೇಳುವ ವ್ಯವಸ್ಥೆಯೂ ಅದರೊಡನೆ ಇರಲಿ. ಕೋಟದ ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಕನ್ನಡದಲ್ಲಿ ಬರೆದ ನೆಲವಿದು. ಮೀನು ಮಾರಿ ಬಂದ ಹೆಂಗಸಿನ ಕೈಗೆ 1.2 ಎಂದು ಮುದ್ರಿತವಾದ ಚೀಟಿಯನ್ನಷ್ಟೇ ಕೊಟ್ಟರೆ, ಅವಳು ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಮನೆಗೆ ಹೋದಾಳಷ್ಟೆ.