ಲಾರಿಯ ಕಪ್ಪು ಹೊಗೆ: ಡೀಸೆಲ್ ಕೆಟ್ಟಿದೆಯೇ, ಗಾಳಿ ಸಾಲುತ್ತಿಲ್ಲವೇ?

ಕಾಪುವಿನ ಹೆದ್ದಾರಿಯಲ್ಲಿ ಸರಾಗವಾಗಿ ಓಡಿಕೊಂಡು ಬಂದ ಲಾರಿ, ಉಡುಪಿ ದಾಟಿ ಮಣಿಪಾಲದ ಏರು ಹತ್ತುವಾಗ ಇದ್ದಕ್ಕಿದ್ದಂತೆ ಎಳೆಯುವುದೇ ಇಲ್ಲ. ಸೈಲೆನ್ಸರಿನಿಂದ ದಟ್ಟ ಕಪ್ಪು ಹೊಗೆ. ಹಿಂದಿನ ಬೈಕಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಇದಕ್ಕೆ ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ: ‘ಡೀಸೆಲ್ ಕಲಬೆರಕೆ’, ‘ಟರ್ಬೊ ಹೋಗಿದೆ’, ‘ಟ್ಯಾಂಕಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ, ಸರಿಹೋಗುತ್ತದೆ’, ‘ಹೊಗೆ ಬಂದರೇನೇ ಗಾಡಿಗೆ ಪವರ್’. ಇಂಥ ಸಲಹೆಗಳು ವಾಟ್ಸಾಪ್‌ನಲ್ಲೂ ಗುಂಪಿನಿಂದ ಗುಂಪಿಗೆ ಹರಿದಾಡುತ್ತವೆ. ಇವನ್ನು ನಂಬಿ ಮೊದಲೇ ದುಬಾರಿ ಬಿಡಿಭಾಗ ಬದಲಿಸಿದರೆ ಹಣ ಹೋಗುತ್ತದೆ, ಹೊಗೆ ಮಾತ್ರ ಹಾಗೆಯೇ ಉಳಿಯಬಹುದು.

ಕಪ್ಪು ಹೊಗೆ ಅಂದರೇನು?

ಅದು ಪೂರ್ತಿ ಉರಿಯದೆ ಹೊರಬಂದ ಡೀಸೆಲ್. ಸೀಮೆಎಣ್ಣೆ ಬುಡ್ಡಿಯ ಬತ್ತಿಯನ್ನು ಅತಿಯಾಗಿ ಏರಿಸಿದರೆ ಗಾಜಿಗೆ ಮಸಿ ಹಿಡಿಯುತ್ತದೆ. ಎಣ್ಣೆ ಹೆಚ್ಚಾಗಿ, ಗಾಳಿ ಸಾಲದೆ ಹೋಗುವುದೇ ಅದಕ್ಕೆ ಕಾರಣ. ಎಂಜಿನ್ನಿನೊಳಗೂ ಆಗುವುದು ಇದೇ.

ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಒಂದು ಲೀಟರ್ ಡೀಸೆಲ್‌ಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 10,000 ಲೀಟರ್ ಗಾಳಿ! ಅಂದರೆ ಮನೆಯ ತಾರಸಿ ಮೇಲಿಡುವ 1,000 ಲೀಟರಿನ ಹತ್ತು ಟ್ಯಾಂಕ್ ತುಂಬುವಷ್ಟು. ಇದು ಕನಿಷ್ಠ ಲೆಕ್ಕ. ಸಿಲಿಂಡರಿನ ಮೂಲೆಮೂಲೆಯಲ್ಲೂ ಡೀಸೆಲ್ ಗಾಳಿಯೊಂದಿಗೆ ಬೆರೆಯಬೇಕಾದ್ದರಿಂದ ಎಂಜಿನ್ನಿಗೆ ಇದಕ್ಕಿಂತ ಹೆಚ್ಚೇ ಗಾಳಿ ಬೇಕಾಗುತ್ತದೆ.

ಸಮತಟ್ಟಾದ ಹೆದ್ದಾರಿಯಲ್ಲಿ ಎಂಜಿನ್ನಿಗೆ ಹೆಚ್ಚು ಡೀಸೆಲ್ ಬೇಡ. ಗಾಳಿಯ ದಾರಿ ಅರ್ಧ ಕಟ್ಟಿದ್ದರೂ ನಡೆದುಹೋಗುತ್ತದೆ. ಏರಿನಲ್ಲಿ ಲೋಡ್ ಹೊತ್ತು ಆಕ್ಸಿಲರೇಟರ್ ಒತ್ತಿದಾಗ ಡೀಸೆಲ್ ಹೆಚ್ಚುತ್ತದೆ, ಆದರೆ ಗಾಳಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಆಗ ಹೊಗೆಯೂ ಬರುತ್ತದೆ, ಪಿಕಪ್ಪೂ ಹೋಗುತ್ತದೆ. ಕಾಪುವಿನಲ್ಲಿ ಕಾಣದ ತೊಂದರೆ ಮಣಿಪಾಲದ ಏರಿನಲ್ಲೋ, ಕಾರ್ಕಳದಿಂದ ಮಾಳ ದಾಟಿ ಕುದುರೆಮುಖದ ಕಡೆ ಘಾಟಿ ಹತ್ತುವಾಗಲೋ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಮೊದಲು ಹೊಗೆಯ ಬಣ್ಣ ನೋಡಿ

- ಪಿಕಪ್ ಇಲ್ಲ, ಕಪ್ಪು ಹೊಗೆ ಇದೆ: ಡೀಸೆಲ್ ಬರುತ್ತಿದೆ, ಅದಕ್ಕೆ ತಕ್ಕ ಗಾಳಿ ಇಲ್ಲ. ಗಾಳಿಯ ದಾರಿಯಿಂದ ತಪಾಸಣೆ ಆರಂಭಿಸಿ.
- ಪಿಕಪ್ ಇಲ್ಲ, ಹೊಗೆಯೂ ಇಲ್ಲ: ಹೆಚ್ಚಾಗಿ ಡೀಸೆಲ್ಲೇ ಸಾಲುತ್ತಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ನೀರು ಸೇರಿರಬಹುದು, ಡೀಸೆಲ್ ಪೈಪಿನಲ್ಲಿ ಗಾಳಿ ಎಳೆಯುತ್ತಿರಬಹುದು.
- ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ.
- ಬಿಳಿ ಹೊಗೆ: ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಂದು ನಿಂತರೆ ಚಿಂತೆ ಇಲ್ಲ. ಬಿಸಿಯಾದ ಮೇಲೂ ಬರುತ್ತಿದ್ದು, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಗ್ಯಾರೇಜಿಗೆ ಒಯ್ಯಿರಿ.
- ಎಂಜಿನ್ ಜೋರಾಗಿ ತಿರುಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ: ಇದು ಎಂಜಿನ್ ದೋಷವಲ್ಲ, ಕ್ಲಚ್ ಜಾರುತ್ತಿರಬಹುದು.

ಹಳೆಯ ಲಾರಿಗಳಲ್ಲಿ ಗೇರ್ ಬದಲಿಸುವಾಗ ಒಂದು ಕ್ಷಣ ಕಪ್ಪು ಹೊಗೆ ಬರುವುದು ಮಾಮೂಲು. ಏರು ಮುಗಿಯುವವರೆಗೂ ಬರುತ್ತಲೇ ಇದ್ದರೆ ಅದು ಕಾಯಿಲೆಯ ಲಕ್ಷಣ.

ಅಗ್ಗದ ತಪಾಸಣೆ ಮೊದಲು, ದುಬಾರಿಯದು ಕೊನೆಗೆ

1. ಏರ್ ಫಿಲ್ಟರ್. ಕಾರ್ಕಳದ ಸುತ್ತಮುತ್ತ ಕಲ್ಲುಕೋರೆ, ಕ್ರಷರ್‌ಗಳಲ್ಲಿ ಓಡುವ ಟಿಪ್ಪರ್‌ಗಳ ಫಿಲ್ಟರ್ ಹೆದ್ದಾರಿ ಲಾರಿಗಿಂತ ಬಹಳ ಬೇಗ ಕಟ್ಟುತ್ತದೆ. ಕೆಂಪುಕಲ್ಲಿನ ನುಣ್ಣನೆಯ ಧೂಳಂತೂ ಹೇಳಲೇಬೇಕಿಲ್ಲ. ಮಳೆಗಾಲದಲ್ಲಿ ಅದೇ ಧೂಳು ತೇವ ಹಿಡಿದು ಅಂಟಿಕೊಳ್ಳುತ್ತದೆ. ಎಷ್ಟೋ ಲಾರಿಗಳ ಫಿಲ್ಟರ್ ಡಬ್ಬಿಯ ಹತ್ತಿರ ಸಣ್ಣ ಸೂಚಕ ಇರುತ್ತದೆ. ಅದು ಕೆಂಪು ತೋರಿಸಿದರೆ ಗಾಳಿ ಕಟ್ಟಿದೆ ಎಂದರ್ಥ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ. ಜೋರಾದ ಕಂಪ್ರೆಸರ್ ಗಾಳಿ ಹಿಡಿದರೆ ಕಾಗದ ಹರಿಯಬಹುದು, ಆಮೇಲೆ ಧೂಳು ನೇರ ಎಂಜಿನ್ನಿಗೆ.

2. ಹೋಸ್ ಮತ್ತು ಕ್ಲಾಂಪ್. ಟರ್ಬೊ ಒತ್ತಿ ಕಳಿಸಿದ ಗಾಳಿ ಇಂಟರ್‌ಕೂಲರ್ ಮೂಲಕ ಎಂಜಿನ್ ಸೇರಬೇಕು. ನಡುವೆ ರಬ್ಬರ್ ಹೋಸ್ ಸೀಳಿದರೆ ಅಥವಾ ಕ್ಲಾಂಪ್ ಸಡಿಲವಾದರೆ ಗಾಳಿ ಹೊರಗೆ ಹೋಗುತ್ತದೆ. ಲೋಡಿನಲ್ಲಿ ಮಾತ್ರ ಕೇಳುವ ‘ಸುಯ್’ ಶಬ್ದ, ಜೋಡಣೆಯ ಹತ್ತಿರ ಎಣ್ಣೆ ಜಿಡ್ಡಿಗೆ ಅಂಟಿದ ಧೂಳು ಇದರ ಗುರುತು. ಟರ್ಬೊ ಹೋಗಿದೆ ಎಂದು ಹತ್ತಾರು ಸಾವಿರ ಖರ್ಚು ಮಾಡುವ ಮುಂಚೆ ಇದನ್ನು ನೋಡಲೇಬೇಕು.

3. ಎಕ್ಸಾಸ್ಟ್ ಬ್ರೇಕ್. ಘಾಟಿ ಇಳಿಯುವಾಗ ವೇಗ ತಗ್ಗಿಸಲು ಸೈಲೆನ್ಸರ್ ದಾರಿಗೆ ಅಡ್ಡ ಬರುವ ಒಂದು ತಟ್ಟೆ ಇರುತ್ತದೆ. ಅದು ಪೂರ್ತಿ ತೆರೆಯದೆ ಅರ್ಧಕ್ಕೇ ಸಿಕ್ಕಿಕೊಂಡರೆ ಹೊಗೆ ಹೊರಹೋಗುವುದಿಲ್ಲ, ಹೊಸ ಗಾಳಿಗೆ ಜಾಗವೂ ಸಿಗುವುದಿಲ್ಲ. ಘಾಟಿ ಇಳಿದು ಬಂದ ನಂತರ ಪಿಕಪ್ ಹೋದರೆ ಇದನ್ನು ಮೊದಲು ಅನುಮಾನಿಸಿ. ಎಂಜಿನ್ ನಿಲ್ಲಿಸಿ, ಸೈಲೆನ್ಸರ್ ತಣ್ಣಗಾದ ಮೇಲೆ ಮೆಕ್ಯಾನಿಕ್ ಕೈಯಲ್ಲಿ ನೋಡಿಸಿ.

4. ಇಜಿಆರ್ ಮತ್ತು ಟರ್ಬೊ. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ತೆರೆದೇ ಉಳಿದರೆ ಒಳ್ಳೆಯ ಗಾಳಿಯ ಜಾಗವನ್ನು ಹೊಗೆ ಆಕ್ರಮಿಸುತ್ತದೆ. ಟರ್ಬೊ ತಪಾಸಣೆ ಇದಾದ ಮೇಲೆ.

5. ಇಂಜೆಕ್ಟರ್ ಮತ್ತು ಡೀಸೆಲ್ ಪಂಪ್. ಗಾಳಿಯ ದಾರಿಯೆಲ್ಲ ಸರಿ ಇದ್ದರೂ ಹೊಗೆ ನಿಲ್ಲದಿದ್ದರೆ ಡೀಸೆಲ್ ಕಡೆ ತಿರುಗಿ. ನಾಝಲ್ ಮಂಜಿನಂತೆ ಸಿಂಪಡಿಸುವ ಬದಲು ಹನಿ ಉದುರಿಸುತ್ತಿರಬಹುದು. ‘ಪವರ್ ಬರಲಿ’ ಎಂದು ಯಾರೋ ಪಂಪ್ ಸೆಟ್ಟಿಂಗ್ ಏರಿಸಿರಬಹುದು. ಟೈಮಿಂಗ್, ಕಂಪ್ರೆಶನ್ ನೋಡುವುದು ಕೊನೆಯ ಹಂತ.

ಫಾರ್ವರ್ಡ್‌ಗಳಲ್ಲಿ ಬರುವ ಮಾತು, ನಿಜಾಂಶ

*‘ಕಪ್ಪು ಹೊಗೆ ಬಂದರೆ ಪವರ್ ಜಾಸ್ತಿ.’* ತಪ್ಪು. ಮಸಿಯಾಗಿ ಹೊರಹೋದ ಡೀಸೆಲ್ ಗಾಡಿಯನ್ನು ಎಳೆದಿಲ್ಲ. ನಿಮ್ಮ ಮೈಲೇಜೇ ಸೈಲೆನ್ಸರಿನಿಂದ ಹೋಗುತ್ತಿದೆ.

*‘ಸೀಮೆಎಣ್ಣೆ ಹಾಕಿದರೆ ಎಂಜಿನ್ ಕ್ಲೀನ್.’* ಅಪಾಯಕಾರಿ. ಡೀಸೆಲ್ ಪಂಪ್ ಮತ್ತು ಇಂಜೆಕ್ಟರಿಗೆ ಜಾರುವ ಗುಣ ಸಿಗುವುದು ಡೀಸೆಲ್‌ನಿಂದಲೇ. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಡಿಮೆ. ಇಂದಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್ ಒತ್ತಡ 1,600 ಬಾರ್ ದಾಟುವುದುಂಟು, ಅಲ್ಲಿ ಸವೆತ ಬೇಗ ಆಗುತ್ತದೆ. ಕಟ್ಟಿದ ಏರ್ ಫಿಲ್ಟರಿಗಂತೂ ಇದರಿಂದ ಏನೂ ಪ್ರಯೋಜನವಿಲ್ಲ.

*‘ಡೀಸೆಲ್ಲೇ ಕಲಬೆರಕೆ.’* ಒಂದು ಬಂಕಿನಲ್ಲಿ ತುಂಬಿಸಿದ ಕೂಡಲೇ ತೊಂದರೆ ಶುರುವಾಗಿದ್ದರೆ ಅನುಮಾನ ಪಡಬಹುದು. ಬಂಕಿನಲ್ಲಿ ಡೀಸೆಲ್‌ನ ಸಾಂದ್ರತೆ ಪರೀಕ್ಷಿಸಿ ತೋರಿಸುವಂತೆ ಗ್ರಾಹಕರು ಕೇಳಬಹುದು. ಆದರೆ ತಿಂಗಳುಗಳಿಂದ ನಿಧಾನವಾಗಿ ಹೆಚ್ಚಿದ ಹೊಗೆಗೆ ಬಂಕನ್ನು ದೂರಿ ಫಲವಿಲ್ಲ.

*‘ಡಿಪಿಎಫ್ ಕಿತ್ತು ಹಾಕಿ, ಪಿಕಪ್ ಬರುತ್ತದೆ.’* ಬೇಡ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ವಾಹನಗಳಲ್ಲಿ ಮಸಿಯನ್ನು ಹಿಡಿದಿಡುವ ಜಾಲರಿಯೇ ಡಿಪಿಎಫ್. ಅದು ಸರಿ ಇದ್ದರೆ ಸೈಲೆನ್ಸರಿನಿಂದ ಕಪ್ಪು ಹೊಗೆ ಕಾಣಬಾರದು. ಕಂಡರೆ ಜಾಲರಿ ಒಡೆದಿದೆ ಅಥವಾ ಯಾರೋ ತೆಗೆದಿದ್ದಾರೆ. ಇಂಥ ಗಾಡಿಗಳಲ್ಲಿ ಡಿಇಎಫ್ ದ್ರಾವಣ, ಅಂದರೆ ಎಲ್ಲರೂ ಕರೆಯುವ ‘ಯೂರಿಯಾ’ ಖಾಲಿಯಾದರೂ ಎಂಜಿನ್ ತಾನಾಗಿ ಶಕ್ತಿ ತಗ್ಗಿಸುತ್ತದೆ. ಆಗ ಡ್ಯಾಶ್‌ಬೋರ್ಡಿನ ದೀಪ ನೋಡಿ, ಪಂಪ್ ಬಿಚ್ಚಬೇಡಿ.

*‘ಎಮಿಷನ್ ಟೆಸ್ಟ್ ಪಾಸಾಗಿದೆ, ಹೊಗೆ ಸಮಸ್ಯೆ ಇಲ್ಲ.’* ಅರ್ಧ ಸತ್ಯ. ಬಿಎಸ್-4 ಡೀಸೆಲ್ ವಾಹನಕ್ಕೆ ಹೊಗೆಯ ಮಿತಿ 50 ಎಚ್‌ಎಸ್‌ಯು, ಅದಕ್ಕಿಂತ ಹಳೆಯದಕ್ಕೆ 65. ಆದರೆ ಈ ಪರೀಕ್ಷೆ ನಡೆಯುವುದು ಗಾಡಿ ನಿಂತಿರುವಾಗ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ತುಂಬಿದ ಜಲ್ಲಿ ಹೊತ್ತು ಏರು ಹತ್ತುವಾಗ ಬರುವ ಹೊಗೆಯನ್ನು ಅದು ಅಳೆಯುವುದಿಲ್ಲ.

ಇದು ಗಾಡಿ ಮಾಲೀಕರ ತಲೆನೋವು ಮಾತ್ರವಲ್ಲ

ಡೀಸೆಲ್ ಮಸಿಯ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಎಂಜಿನ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಈ ಹೊಗೆಯನ್ನು ದಿನವಿಡೀ ಉಸಿರಾಡುವವರು ಚಾಲಕರು, ಕ್ಲೀನರ್‌ಗಳು, ಗ್ಯಾರೇಜಿನ ಹುಡುಗರು, ರಸ್ತೆ ಬದಿಯ ಅಂಗಡಿಯವರು. ಇನ್ನು ಘಾಟಿಯ ತಿರುವಿನಲ್ಲಿ ಲೋಡ್ ಲಾರಿಯ ಪಿಕಪ್ ಹೋದರೆ ಹಿಂದಿರುವ ವಾಹನಗಳಿಗೂ ಅಪಾಯ.

ಆದ್ದರಿಂದ ಗ್ಯಾರೇಜಿಗೆ ಹೋದಾಗ ‘ಟರ್ಬೊ ನೋಡಿ’ ಎಂದು ನೀವೇ ತೀರ್ಪು ಕೊಡಬೇಡಿ. ಹೊಗೆಯ ಬಣ್ಣ ಯಾವುದು, ಲೋಡಿನಲ್ಲಿ ಮಾತ್ರವೋ ಖಾಲಿಯಲ್ಲೂ ಬರುತ್ತದೋ, ಒಮ್ಮೆಲೇ ಶುರುವಾಯಿತೋ ನಿಧಾನವಾಗಿಯೋ, ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತು, ಈ ನಾಲ್ಕು ವಿಷಯ ಹೇಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗುಂಪಿನಲ್ಲಿ ಮುಂದಿನ ಬಾರಿ ‘ಕಪ್ಪು ಹೊಗೆಗೆ ರಾಮಬಾಣ’ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಏರ್ ಫಿಲ್ಟರ್ ನೋಡಿದ್ದೀರಾ?