ನಿಂದು ಗ್ರೇಡ್ ಎಷ್ಟು?

ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಬಂದ ವಾರ ಕ್ಯಾಂಟೀನಲ್ಲಿ ಒಂದೇ ಮಾತು: "ನಿಂದು ಗ್ರೇಡ್ ಎಷ್ಟು?" ಅಪ್ರೈಸಲ್ ಗ್ರೇಡ್ ಅಲ್ಲ, ಲಿವರ್‌ದು. ಹೈದರಾಬಾದ್ ವಿಶ್ವವಿದ್ಯಾಲಯದವರು ಅಲ್ಲಿನ 345 ಐಟಿ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 84 ಜನರ ಲಿವರ್‌ನಲ್ಲಿ ಕೊಬ್ಬು ಹೆಚ್ಚಿತ್ತು.

ಕೂತು ಕೆಲಸ ಮಾಡೋರಿಗೆ ಮಾತ್ರ ಬರೋದಾಗಿದ್ರೆ ರಾಯಲ್ಪಾಡಿನಲ್ಲಿ ಮಾವಿನ ತೋಟ ನೋಡ್ಕೊಳ್ಳೋ ನಮ್ಮ ಚಿಕ್ಕಪ್ಪನಿಗೆ ಬರಬಾರದಿತ್ತು. ಒಂದು ಹನಿ ಕುಡಿಯೋರಲ್ಲ. ವಯಸ್ಸು 58, ಶುಗರ್ ಇದೆ. ಸ್ಕ್ಯಾನಿಂಗಲ್ಲಿ 'ಗ್ರೇಡ್ 2' ಅಂತ ಬಂದ ದಿನವೇ ಫೋನ್ ಮಾಡಿದ್ರು: "ಶುಗರ್‌ದೇ ಯಾವ್ದೋ ಸೂಜಿ, ವಾರಕ್ಕೊಂದು ಹಾಕ್ಕೊಂಡ್ರೆ ಕರಗೋಗುತ್ತಂತಲ್ಲಪ್ಪಾ. ಬೆಂಗಳೂರಲ್ಲಿ ಸಿಗುತ್ತಾ ನೋಡು."

ಸಿಗೋದೇನೋ ಸಿಗುತ್ತೆ. ಹೆಸರು ಸೆಮಾಗ್ಲುಟೈಡ್. ಊಟ ಮಾಡಿದಾಗ ನಮ್ಮ ಕರುಳೇ ಬಿಡುವ ಜಿಎಲ್‌ಪಿ-1 ಅನ್ನೋ ಹಾರ್ಮೋನಿನ ನಕಲು ಇದು. ಅಸಲಿ ಕೆಲವೇ ನಿಮಿಷ ಉಳಿಯುತ್ತೆ, ನಕಲು ವಾರವಿಡೀ. ಶುಗರ್ ಏರಿದಾಗ ಇನ್ಸುಲಿನ್ ಬಿಡಿಸುತ್ತೆ, ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳುತ್ತೆ. ಎರಡನೇ ಮುದ್ದೆಗೆ ಕೈಯೇ ಹೋಗಲ್ಲ. ತೂಕ ಇಳಿದ ಹಾಗೆ ಲಿವರ್ ಕೊಬ್ಬೂ ಇಳಿಯುತ್ತೆ. 800 ಜನರ 72 ವಾರಗಳ ಫಲಿತಾಂಶ ನೋಡಿದಾಗ, ಔಷಧ ಪಡೆದವರಲ್ಲಿ ಶೇ 62.9 ಜನರಿಗೆ ಲಿವರ್ ಉರಿಯೂತ ವಾಸಿಯಾಗಿತ್ತು. ಔಷಧವಿಲ್ಲದ ಸೂಜಿ ಪಡೆದವರಲ್ಲಿ ಶೇ 34.3. ಫೈಬ್ರೋಸಿಸ್, ಅಂದ್ರೆ ಲಿವರ್‌ನಲ್ಲಿ ಉಳಿಯುವ ಗಾಯದ ಕಲೆ, ಕಡಿಮೆಯಾಗಿದ್ದು ಮಾತ್ರ ಶೇ 36.8 ಮತ್ತು 22.4. ಪವಾಡ ಅಲ್ಲ, ಆದ್ರೆ ಸಣ್ಣದೂ ಅಲ್ಲ.

2025ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಇದನ್ನು ಲಿವರ್‌ಗೂ ಒಪ್ಪಿತು. ಯಾರಿಗೆ? ಉರಿಯೂತದ ಜೊತೆ ಎರಡನೇ ಅಥವಾ ಮೂರನೇ ಹಂತದ ಫೈಬ್ರೋಸಿಸ್ ಇರೋರಿಗೆ, ಸಿರೋಸಿಸ್ ಆಗಿರದವರಿಗೆ. ಎಲ್ಲರೂ ಎಡವೋದು ಇಲ್ಲೇ. ಸ್ಕ್ಯಾನಿಂಗಿನ 'ಗ್ರೇಡ್ 2' ಹೇಳೋದು ಕೊಬ್ಬು ಎಷ್ಟಿದೆ ಅಂತ. ಹಂತ ಹೇಳೋದು ಕಲೆ ಎಷ್ಟಾಗಿದೆ ಅಂತ. ಎರಡೂ ಬೇರೆ ಬೇರೆ ಲೆಕ್ಕ. ಗ್ರೇಡ್ 1ರಲ್ಲೂ ಕಲೆ ಮುಂದುವರಿದಿರಬಹುದು, ಗ್ರೇಡ್ 3ರಲ್ಲೂ ಏನೂ ಇಲ್ಲದಿರಬಹುದು.

ಕಲೆಯ ಅಂದಾಜಿಗೆ ದುಡ್ಡಿಲ್ಲದ ಒಂದು ಸೂತ್ರ ಇದೆ, ಫಿಬ್-4. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಎಲ್‌ಟಿಯ ವರ್ಗಮೂಲ ಗುಣಿಸಿ, ಬಂದದ್ದರಿಂದ ಭಾಗಿಸಿ. ಚಿಕ್ಕಪ್ಪನ ಎಎಸ್‌ಟಿ 52, ಎಎಲ್‌ಟಿ 64, ಪ್ಲೇಟ್‌ಲೆಟ್ 1.8 ಲಕ್ಷ. ಉತ್ತರ 2.09. 1.3ಕ್ಕಿಂತ ಕಡಿಮೆ ಇದ್ರೆ ಸಾಮಾನ್ಯವಾಗಿ ನಿರಾಳ, 2.67 ದಾಟಿದ್ರೆ ತಜ್ಞರ ಹತ್ತಿರ ಓಡಬೇಕು. ಇವರದ್ದು ಮಧ್ಯದಲ್ಲಿ ಸಿಕ್ಕಾಕ್ಕೊಂಡಿದೆ, ಮುಂದೆ ಫೈಬ್ರೋಸ್ಕ್ಯಾನ್ ಆಗಲೇಬೇಕು. (35ಕ್ಕಿಂತ ಚಿಕ್ಕವರಿಗೆ ಈ ಸೂತ್ರ ಅಷ್ಟು ನಂಬಿಕೆಗೆ ಬರಲ್ಲ, ಕ್ಯಾಂಟೀನಲ್ಲಿ ಲೆಕ್ಕ ಹಾಕ್ತಾ ಕೂರಬೇಡಿ.)

ಶುಗರ್ ಇರೋದ್ರಿಂದ ಡಾಕ್ಟರ್ ಹೇಗೂ ಈ ಸೂಜಿ ಬರೀಬಹುದು, ಅದು ಬೇರೆ ಮಾತು. ಆದ್ರೆ ವಾಕರಿಕೆ, ವಾಂತಿ ಇದೆ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ನಿಲ್ಲಿಸಿದ್ರೆ ತೂಕ ವಾಪಸ್ ಬರೋದೇ ಹೆಚ್ಚು. ಇದನ್ನೆಲ್ಲ ಹೇಳಿದ್ಮೇಲೆ ಚಿಕ್ಕಪ್ಪ ಕೇಳಿದ್ದು ಒಂದೇ: "ಹಂಗಾದ್ರೆ ಆ ಸ್ಕ್ಯಾನು ಕೋಲಾರದಲ್ಲೇ ಆಗುತ್ತಾ, ಬೆಂಗಳೂರಿಗೇ ಬರಬೇಕಾ?"