ಬಾಗಿಲ ಸುಂಕ

ಮೊನ್ನೆ ಸಂಜೆ ನೆರೆಮನೆಯ ಹುಡುಗಿ ಸಪ್ಪೆ ಮೋರೆ ಹೊತ್ತು ನಮ್ಮ ಜಗಲಿಗೆ ಬಂದಳು. ಪಾವಗಡದ ಹೊಲಗಳಲ್ಲಿ ನಾಲ್ಕು ವರ್ಷ ಅಲೆದು, ಕಡಲೆಕಾಯಿಯ ರೋಗವೊಂದನ್ನು ಕುರಿತು ಬರೆದ ಸಂಶೋಧನಲೇಖನ. ಅದನ್ನು ಯಾವ ಪತ್ರಿಕೆಗೆ ಕಳುಹಿಸುವುದೆಂಬುದೇ ಆಕೆಯ ಚಿಂತೆ.

ಚಂದಾ ಪತ್ರಿಕೆಯಾದರೆ ಸಾಮಾನ್ಯವಾಗಿ ಬರೆದವರಿಗೆ ಖರ್ಚಿಲ್ಲ. ಓದುವವರು ಹಣ ತೆರಬೇಕು. ಮುಕ್ತ ಪತ್ರಿಕೆಯಾದರೆ ಓದು ಧರ್ಮಾರ್ಥ; ಆದರೆ ಬಹಳ ಕಡೆ ಸುಂಕ ಲೇಖಕರ ತಲೆಗೆ. ಲೇಖನವೊಂದನ್ನು ಮುಕ್ತವಾಗಿಸಲು ‘ನೇಚರ್’ ಪತ್ರಿಕೆ 2021ರಲ್ಲಿ ಗೊತ್ತುಮಾಡಿದ ದರ 9,500 ಯೂರೊ! “ಒಂದು ಮದುವೆಯ ಖರ್ಚಾಯಿತಲ್ಲಮ್ಮ” ಎಂದೆ. ಆಕೆ ನಗಲಿಲ್ಲ.

“2025ರಿಂದ ಸರ್ಕಾರವೇ ಚಂದಾ ಕಟ್ಟುತ್ತಿದೆಯಲ್ಲ, ಮಾವ?”

ನಿಜ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಪತ್ರಿಕೆಗಳು. ಆದರೆ ಆ ಯೋಜನೆ ಮಂಜೂರಾದದ್ದು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ, ಸಂಶೋಧನಾಲಯಗಳಿಗೆ. ಆಕೆಗೆ ಹೊಲ ತೋರಿಸಿದ ರೈತನ ಓದಿದ ಮಗ ಯಾವ ಬಾಗಿಲು ತಟ್ಟಬೇಕು?

ಇನ್ನೊಂದು ದಾರಿ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿಯೇ ತನ್ನವರ ಲೇಖನಗಳಿಗಾಗಿ ಮುಕ್ತ ಭಂಡಾರವೊಂದನ್ನು ತೆರೆಯಿತು. ಸ್ವೀಕೃತವಾದ ಹಸ್ತಪ್ರತಿಯನ್ನು ಕೆಲಕಾಲದ ಬಳಿಕ ಇಂಥ ಭಂಡಾರದಲ್ಲಿರಿಸಲು ಅನೇಕ ಚಂದಾ ಪತ್ರಿಕೆಗಳು ಅನುಮತಿಸುತ್ತವೆ. ಕರಾರನ್ನು ಓದದೆ ರುಜು ಹಾಕಬಾರದು, ಅಷ್ಟೆ. (ಹಣ ಕಟ್ಟಿದರೆ ವಾರದಲ್ಲಿ ಅಚ್ಚುಹಾಕುವೆವೆಂಬ ಪತ್ರಿಕೆಗಳ ಮಾತು ಬೇಡವೇ ಬೇಡ.)

ನಿನ್ನೆ ಆಕೆ ಕರಾರನ್ನು ತಂದು ತೋರಿಸಿದಳು. ಹನ್ನೆರಡು ತಿಂಗಳ ಗಡುವು. ಪಾವಗಡದವರು ಇನ್ನೊಂದು ಮುಂಗಾರು ಕಾಯಬೇಕು.